ಗಾಜಿನ ಈಚೆಯಿಂದ



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಮಾತನಾಡತಕ್ಕ ಯೋಗ್ಯತೆ ನಮಗೆ ಹೇಗೆ ಬಂದಿತೆಂಬುದನ್ನು ಮೊದಲೇ ನಿವೇದಿಸಿಬಿಡುವುದು ಒಳ್ಳೆಯದು. ಕಳೆದ ತಿಂಗಳು ಸಂಘದ ಕಾರ್ಯದರ್ಶಿಗಳು ತಮ್ಮ ಪಾಸ್‌ಬುಕ್ಕನ್ನು ಹಿಡಿದುಕೊಂಡು ನಮ್ಮ ಕೌಂಟರಿಗೆ ಬಂದರು. ಅಚ್ಚಿನ ಯಂತ್ರ ಕೆಟ್ಟಿತ್ತು. "ನಾಳೆ ಬನ್ನಿ" ಎಂದೆವು. ಮಾರನೆಯ ದಿನ ಬಂದರು. ಆಗ ಸರ್ವರ್ ಮಲಗಿತ್ತು. ಮೂರನೆಯ ದಿನ ಬಂದಾಗ ಯಂತ್ರವೂ ಸರ್ವರೂ ನೆಟ್ಟಗಿದ್ದವು, ಆದರೆ ಅವರ ಪುಸ್ತಕದ ಪುಟಗಳೇ ಮುಗಿದಿದ್ದವು. ಆ ಮಹನೀಯರು ಸಿಟ್ಟಾಗಲಿಲ್ಲ. ತಣ್ಣಗೆ ನಕ್ಕು, "ನೀವು ನಮ್ಮನ್ನು ಮೂರು ದಿನ ನಿಲ್ಲಿಸಿದಿರಿ, ನಾವು ನಿಮ್ಮನ್ನು ಹದಿನೈದು ನಿಮಿಷ ನಿಲ್ಲಿಸುತ್ತೇವೆ" ಎಂದರು. ಹೀಗೆ ನಿಂತಿದ್ದೇವೆ.

ಹಿಂದಿನ ವರ್ಷಗಳಲ್ಲಿ ಇದೇ ಸ್ಥಳದಲ್ಲಿ ನಿಂತು ವಿದ್ವಾಂಸರು ಪಂಪನನ್ನು ಕುರಿತೂ ವಚನಕಾರರನ್ನು ಕುರಿತೂ ಮಾತನಾಡಿದ್ದಾರೆ. ನಾವು ಓದಿದ್ದು ಬಿ.ಕಾಂ. ನಮಗೆ ತಿಳಿದಿರುವುದು ಜಮಾ ಮತ್ತು ಖರ್ಚು ಎಂಬ ಎರಡೇ ರಸಗಳು. ಆದುದರಿಂದ ನಾವು ದಿನವೂ ಕೂತುಕೊಳ್ಳುವ ಗೂಡನ್ನು ಕುರಿತು ನಾಲ್ಕು ಮಾತು ಹೇಳಿ ಇಳಿದುಬಿಡುತ್ತೇವೆ.

ಇನ್ನೊಂದು ಅರಿಕೆ. ಒಬ್ಬನೇ ನಿಂತಿರುವ ಈ ಮನುಷ್ಯ 'ನಾವು, ನಾವು' ಎನ್ನುತ್ತಾನಲ್ಲ, ಇವನೇನು ಮೈಸೂರಿನ ಮಹಾರಾಜನೇ ಎಂದು ತಾವು ಕೇಳಬಹುದು. ಅಲ್ಲ. ಬ್ಯಾಂಕಿನಲ್ಲಿ 'ನಾನು' ಎಂಬ ಮಾತೇ ಇಲ್ಲ. ಸಾಲ ಕೊಡುವಾಗ 'ನಾವು ಸಂತೋಷಪಡುತ್ತೇವೆ', ಕೊಡದಿರುವಾಗ 'ನಾವು ವಿಷಾದಿಸುತ್ತೇವೆ' ಎಂದೇ ಬರೆಯಬೇಕು. ಸಂತೋಷದಲ್ಲಾಗಲಿ ವಿಷಾದದಲ್ಲಾಗಲಿ ಒಬ್ಬನೇ ಸಿಕ್ಕಿಕೊಳ್ಳಬಾರದೆಂಬುದು ಹಿರಿಯರ ಮುಂದಾಲೋಚನೆ. ಹತ್ತು ವರ್ಷ ಹೀಗೆಯೇ ಬರೆದು ಬರೆದು ನಾಲಗೆಗೂ ಅದೇ ರೂಢಿಯಾಗಿದೆ. ಮನೆಯಲ್ಲಿಯೂ "ನಾವು ಊಟ ಮಾಡುತ್ತೇವೆ" ಎಂದರೆ ನಮ್ಮ ಮನೆಯವರು ಎರಡು ತಟ್ಟೆ ಹಾಕುವುದುಂಟು.

ನಮ್ಮ ಹುದ್ದೆಗೆ ಹಿಂದೆ ಗುಮಾಸ್ತೆ ಎನ್ನುತ್ತಿದ್ದರು. ಈಗ ಅದಕ್ಕೆ 'ಕಸ್ಟಮರ್ ಸರ್ವಿಸ್ ಅಸೋಸಿಯೇಟ್' ಎಂಬ ದೀರ್ಘವಾದ ಹೆಸರು ಬಂದಿದೆ. ಹೆಸರು ಮೊಳವಾಯಿತು, ಗೂಡು ಮಾತ್ರ ಗೇಣಿನಷ್ಟೂ ಬೆಳೆಯಲಿಲ್ಲ. ಎರಡು ಕಡೆ ಪ್ಲೈವುಡ್ಡು, ಮುಂದೆ ಗಾಜು, ಹಿಂದೆ ಕಬ್ಬಿಣದ ಕಪಾಟು. ಕೈ ಚಾಚಿದರೆ ಪಕ್ಕದವರ ಚಹಾ ಚೆಲ್ಲುತ್ತದೆ. ಕಾಲು ಚಾಚಿದರೆ ಕಂಪ್ಯೂಟರಿನ ವಯರು ಕಿತ್ತು ಬರುತ್ತದೆ. ಆದರೂ ಬೆಳಿಗ್ಗೆ ಲೋಕಲ್ ಗಾಡಿಯಲ್ಲಿ ಒಂಟಿ ಕಾಲಿನ ಮೇಲೆ ತಪಸ್ಸು ಮಾಡಿಕೊಂಡು ಬರುವ ಮುಂಬಯಿಯ ಮನುಷ್ಯನಿಗೆ ಆ ಗೂಡು ಇಕ್ಕಟ್ಟು ಎನಿಸುವುದಿಲ್ಲ, ಅರಮನೆ ಎನಿಸುತ್ತದೆ.

ಈ ಅರಮನೆಯ ಸಂಪತ್ತನ್ನು ವರ್ಣಿಸುವುದಾದರೆ: ಒಂದು ಕಂಪ್ಯೂಟರು, ನಾಲ್ಕಾರು ರಬ್ಬರು ಮೊಹರುಗಳು, ಅವಕ್ಕೆ ಒಂದು ಶಾಯಿಪೆಟ್ಟಿಗೆ, ಗುಂಡುಸೂಜಿ, ನೋಟು ಎಣಿಸುವಾಗ ಬೆರಳು ಒದ್ದೆ ಮಾಡಿಕೊಳ್ಳಲು ಬಟ್ಟಲಲ್ಲಿ ಒಂದು ಸ್ಪಂಜು, ಮತ್ತು ಒಂದು ಪೆನ್ನು. ಇವುಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಪೆನ್ನು. ಲಕ್ಷಾಂತರ ರೂಪಾಯಿಗಳನ್ನು ನಮ್ಮನ್ನು ನಂಬಿ ಇಟ್ಟುಹೋಗುವ ಜನರನ್ನು ನಾವು ಐದು ರೂಪಾಯಿಯ ಪೆನ್ನಿನ ವಿಷಯದಲ್ಲಿ ನಂಬುವುದಿಲ್ಲ. ಮೊದಲು ಅದಕ್ಕೆ ದಾರ ಕಟ್ಟಿದೆವು. ಒಂದು ವಾರದಲ್ಲಿ ದಾರ ಉಳಿಯಿತು, ಪೆನ್ನು ಹೋಯಿತು. ಈಗ ನಮ್ಮ ಪದ್ಧತಿ ಬೇರೆ. ಪೆನ್ನನ್ನು ಕೊಡುತ್ತೇವೆ, ಮುಚ್ಚಳವನ್ನು ಇಟ್ಟುಕೊಳ್ಳುತ್ತೇವೆ. ಅಡವು ಇಲ್ಲದೆ ಸಾಲ ಕೊಡಬಾರದೆಂಬ ಬ್ಯಾಂಕಿಂಗ್ ತತ್ತ್ವವನ್ನು ನಾವು ಪ್ರತ್ಯಕ್ಷವಾಗಿ ಕಲಿತದ್ದು ಹೀಗೆ. ನಮ್ಮ ಮೇಜಿನ ಸೆಳೆಖಾನೆಯಲ್ಲಿ ಈಗ ಮೂವತ್ತೊಂದು ಮುಚ್ಚಳಗಳಿವೆ. ಇವು ವಸೂಲಾಗದ ಸಾಲಗಳು.

ಇನ್ನು ಗಾಜು. ಗಾಜಿನ ಕೆಳಭಾಗದಲ್ಲಿ ಕೈ ತೂರುವಷ್ಟು ಒಂದು ಕಂಡಿ. ಆಚೆಯವರು ಮಾತನಾಡುವಾಗ ಬಗ್ಗಿ ಬಾಯನ್ನು ಆ ಕಂಡಿಗೆ ಇಡುತ್ತಾರೆ. ಕೇಳುವಾಗ ಬಾಯನ್ನು ತೆಗೆದು ಕಿವಿಯನ್ನು ಇಡುತ್ತಾರೆ. ನಾವೂ ಹಾಗೆಯೇ ಮಾಡುತ್ತೇವೆ. ಕೆಲವು ವೇಳೆ ಎರಡು ಬಾಯಿಗಳು ಒಟ್ಟಿಗೆ ಬಂದು ಯಾರಿಗೂ ಏನೂ ಕೇಳುವುದಿಲ್ಲ. ಇನ್ನು ಕೆಲವು ವೇಳೆ ಎರಡು ಕಿವಿಗಳು ಒಟ್ಟಿಗೆ ಬಂದು ಅರ್ಧ ನಿಮಿಷ ಪರಮ ಶಾಂತಿ ನೆಲಸುತ್ತದೆ. ಗಂಡಹೆಂಡಿರ ಜಗಳ, ನೆರೆರಾಜ್ಯಗಳ ಜಗಳ, ಎಲ್ಲವನ್ನೂ ಆ ಕಂಡಿಯ ಮುಂದೆ ಕೂರಿಸಿದರೆ ತೀರಬಹುದೆಂದು ನಮಗೆ ಒಮ್ಮೊಮ್ಮೆ ತೋರುತ್ತದೆ.

ಈಗ ಹರೆಯದವರು ಬ್ಯಾಂಕಿಗೆ ಬರುವುದು ಅಪರೂಪ. ಅವರ ಬ್ಯಾಂಕು ಅವರ ಜೇಬಿನ ಫೋನಿನಲ್ಲಿದೆ. ವಡಾಪಾವಿನವನಿಗೂ ಚೌಕ ತೋರಿಸಿ ಹಣ ಕಳಿಸುತ್ತಾರೆ. ನಮ್ಮ ಮುಂದೆ ಬಂದು ನಿಲ್ಲುವವರು ಬಹುಮಟ್ಟಿಗೆ ಹಿರಿಯರು. ಅವರಲ್ಲಿ ಒಬ್ಬರು ಪ್ರತಿ ಸೋಮವಾರ ಪಾಸ್‌ಬುಕ್ಕಿಗೆ ಅಚ್ಚು ಹಾಕಿಸುತ್ತಾರೆ. ಖಾತೆಯಲ್ಲಿ ವಾರವಿಡೀ ಏನೂ ನಡೆದಿರುವುದಿಲ್ಲ. "ಏನೂ ಇಲ್ಲವಲ್ಲ ಯಜಮಾನರೇ" ಎಂದರೆ, "ಏನೂ ಆಗಿಲ್ಲವೆಂದು ಗೊತ್ತಾಯಿತಲ್ಲ, ಅದೇ ಸಮಾಧಾನ" ಎನ್ನುತ್ತಾರೆ. ದಿನಪತ್ರಿಕೆಯನ್ನು ಓದುವ ನಮಗೆ ಈ ಸಮಾಧಾನ ಸಿಗುವುದುಂಟೇ?

ನಮ್ಮ ಸಾಲಿನಲ್ಲಿ ಮರಾಠಿ, ಗುಜರಾತಿ, ಹಿಂದಿ, ತಮಿಳು, ತುಳು, ಕೊಂಕಣಿ ಎಲ್ಲವೂ ಕೇಳಿಬರುತ್ತವೆ. ಇಷ್ಟೂ ಭಾಷೆಗಳವರಿಗೆ ಅನುವಾದವಿಲ್ಲದೆ ಅರ್ಥವಾಗುವ ಒಂದೇ ವಾಕ್ಯವೆಂದರೆ 'ಸರ್ವರ್ ಡೌನ್'. ರಾಷ್ಟ್ರೀಯ ಭಾವೈಕ್ಯಕ್ಕೆ ಇದಕ್ಕಿಂತ ಹೆಚ್ಚು ಕೆಲಸ ಮಾಡಿದ ಮಾತು ಇನ್ನೊಂದಿಲ್ಲ. ಎಲ್ಲರೂ ಒಂದೇ ರಾಗದಲ್ಲಿ ನಿಟ್ಟುಸಿರು ಬಿಡುತ್ತಾರೆ. ಎರಡನೆಯ ಸ್ಥಾನ ಮಧ್ಯಾಹ್ನದ ಡಬ್ಬಿಗೆ. ಥೇಪ್ಲಾ, ಭಾಕರಿ, ಮೊಸರನ್ನ ಇವುಗಳ ನಡುವೆ ನಮ್ಮ ಶೇಂಗಾ ಚಟ್ನಿಪುಡಿ ಹೊರಬಂದರೆ ಡಬ್ಬಿ ನಮ್ಮ ಬಳಿಗೆ ತಿರುಗಿ ಬರುವಾಗ ಅದರಲ್ಲಿ ವಾಸನೆ ಮಾತ್ರ ಇರುತ್ತದೆ.

ಮಹನೀಯರೇ, ಕನ್ನಡ ನಾಡಿಗೂ ಬ್ಯಾಂಕಿಗೂ ಇರುವ ನಂಟು ತಮಗೆ ಗೊತ್ತಿಲ್ಲದ್ದಲ್ಲ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕನ್ನು ಕಟ್ಟಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಕಾರ್ಪೊರೇಶನ್ ಬ್ಯಾಂಕು ಹುಟ್ಟಿತು. 1913ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಬ್ಯಾಂಕು, 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಎಂಬ ಯೋಜನೆ ತಂದು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಕೂಡಿಸಿದರು. ಹಣವಿದ್ದವರು ಬ್ಯಾಂಕಿಗೆ ಬರುತ್ತಿದ್ದ ಕಾಲದಲ್ಲಿ, ಹಣವಿಲ್ಲದವರ ಬಳಿಗೆ ಬ್ಯಾಂಕೇ ನಡೆದುಹೋದ ಕಥೆ ಅದು. ಇವುಗಳಲ್ಲಿ ನಾಲ್ಕು ಹೆಸರುಗಳು ಈಗ ಫಲಕದ ಮೇಲಿಲ್ಲ. ಮೈಸೂರು ಬ್ಯಾಂಕು 2017ರಲ್ಲಿ, ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ 2020ರಲ್ಲಿ, ಎಲ್ಲವೂ ಏಪ್ರಿಲ್ 1ರಂದೇ, ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ನಮ್ಮ ಪರಿಚಯದ ಹಿರಿಯರೊಬ್ಬರು ಹಳೆಯ ಪಾಸ್‌ಬುಕ್ಕನ್ನು ಸವರುತ್ತ, "ಮಗಳನ್ನು ಒಳ್ಳೆಯ ಮನೆಗೆ ಕೊಟ್ಟಿದ್ದೇವೆ ಎಂದುಕೊಂಡಿದ್ದೆವು, ಈಗ ಆ ಮನೆಯನ್ನೇ ಇನ್ನೊಂದು ಮನೆಗೆ ಕೊಟ್ಟರು" ಎಂದರು. ಮಗಳು ಕ್ಷೇಮವಾಗಿದ್ದಾಳೆಂದು ನಾವು ಬಡ್ಡಿಯ ಲೆಕ್ಕ ತೋರಿಸಿ ಸಮಾಧಾನ ಹೇಳಿದೆವು.

ನವೆಂಬರು ಬಂದರೆ ತಮಗೆ ರಾಜ್ಯೋತ್ಸವ, ನಮಗೆ ನೂಕುನುಗ್ಗಲು. ನಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ, 2016ರ ನವೆಂಬರ್ 8ರ ರಾತ್ರಿ, ಐನೂರು ಮತ್ತು ಸಾವಿರದ ನೋಟುಗಳು ರದ್ದಾದವು. ಆಗ ಒಬ್ಬರೇ ಮತ್ತೆ ಮತ್ತೆ ನೋಟು ಬದಲಿಸಿಕೊಳ್ಳಬಾರದೆಂದು ಬೆರಳಿಗೆ ಶಾಯಿ ಹಚ್ಚುವ ಏರ್ಪಾಡಾಯಿತು. ಆ ಅಳಿಸಲಾಗದ ಶಾಯಿ ಎಲ್ಲಿಯದು? ಚುನಾವಣೆಗೆಂದು ಶಾಯಿ ಮಾಡುವ ನಮ್ಮ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದದ್ದು. ಬೈಗಳು ಎಲ್ಲ ಭಾಷೆಯಲ್ಲೂ ಬರುತ್ತಿದ್ದ ಆ ದಿನಗಳಲ್ಲಿ ಶಾಯಿಯಾದರೂ ನಮ್ಮೂರಿನದಲ್ಲ ಎಂದು ಹೆಮ್ಮೆಪಡುವ ಧೈರ್ಯ ನಮಗಾಗಲಿಲ್ಲ, ಇಂದು ಪಡುತ್ತೇವೆ.

ಅದೊಂದು ವರ್ಷದ ಮಾತು. ಪ್ರತಿ ನವೆಂಬರಿನ ಹಬ್ಬ ಬೇರೆ. ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆಂದು ಈ ತಿಂಗಳಲ್ಲಿ ಪ್ರಮಾಣಪತ್ರ ಕೊಡಬೇಕು. ಎದುರಿಗೆ ನಿಂತು, ಕೆಮ್ಮಿ, ನಮ್ಮನ್ನು ಗದರಿಸಿ, ಚಿಲ್ಲರೆ ಕೇಳುವ ಮನುಷ್ಯನೂ ಕಾಗದದ ಮೇಲೆ ಬದುಕಿರದಿದ್ದರೆ ಬದುಕಿದಂತಾಗುವುದಿಲ್ಲ. 2014ರ ನವೆಂಬರಿನಿಂದ ಇದಕ್ಕೆ ಯಂತ್ರವೂ ಬಂದಿದೆ, ಬೆರಳಿಟ್ಟರೆ ಸಾಕು. ಈಚೆಗೆ ಫೋನಿನಲ್ಲಿ ಮುಖ ತೋರಿಸಿದರೂ ನಡೆಯುತ್ತದೆ. ಆದರೆ ಮನೆಯಲ್ಲಿ ಫೋನು ಹಿಡಿದು ತೋರಿಸುವ ಮೊಮ್ಮಗನಿಲ್ಲದವರು ನಮ್ಮ ಗಾಜಿನ ಮುಂದೆಯೇ ಬರಬೇಕಾಗುತ್ತದೆ.

ಹೀಗೆ ಎರಡು ವರ್ಷದ ಹಿಂದೆ ಒಬ್ಬ ಮುದುಕಿ ಬಂದರು. ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಗಂಡ ರೈಲ್ವೆಯಲ್ಲಿದ್ದು ತೀರಿಕೊಂಡವರು, ಕುಟುಂಬ ಪಿಂಚಣಿ. ಬೆರಳಿನ ಯಂತ್ರದ ಮೇಲೆ ಒಂದೊಂದಾಗಿ ಹತ್ತು ಬೆರಳನ್ನೂ ಇಡಿಸಿದೆವು. ಯಂತ್ರ ಒಂದನ್ನೂ ಒಪ್ಪಲಿಲ್ಲ. ಎಷ್ಟೋ ವರ್ಷ ಪಾತ್ರೆ ತಿಕ್ಕಿದ ಕೈಗಳಲ್ಲಿ ಗೆರೆಗಳು ಉಳಿದಿರುವುದಿಲ್ಲ. ಇದು ನಾವು ಪ್ರತಿ ನವೆಂಬರಿನಲ್ಲಿ ಕಾಣುವ ಸಂಗತಿ. ಸರಿ, ಕಾಗದದ ಫಾರಮು ಕೊಟ್ಟೆವು. ಅವರು ಕನ್ನಡದಲ್ಲಿ ಸಹಿ ಮಾಡಿದರು. ಹೆಸರಿನ ಕೊನೆಗೆ ಒಂದು 'ವ್ವ'. ನಮ್ಮ ಕಂಪ್ಯೂಟರಿನಲ್ಲಿದ್ದ ಹಳೆಯ ಸಹಿಯಲ್ಲಿ ಆ ವತ್ತು ಮುತ್ತಿನಂತೆ ಕೆಳಗೆ ಕೂತಿತ್ತು. ಈಗ ಕೈ ನಡುಗಿ ಅದು ಜಾರಿ ಮುಂದಿನ ಮನೆಗೆ ಹೋಗಿತ್ತು.

"ಸಹಿ ತಾಳೆಯಾಗುವುದಿಲ್ಲ, ಹೆಬ್ಬೆಟ್ಟು ಒತ್ತಿ" ಎಂದೆವು. ಎಂದದ್ದು ಹಿಂದಿಯಲ್ಲಿ. ಯಂತ್ರ ತಿರಸ್ಕರಿಸಿದ ಬೆರಳನ್ನೇ ಸಹಿಗೆ ಬದಲಾಗಿ ಕೇಳುತ್ತಿದ್ದೇವೆಂಬುದು ಆಗ ನಮಗೆ ಹೊಳೆಯಲಿಲ್ಲ. ಆಕೆ ಕೈ ಹಿಂದಕ್ಕೆ ಎಳೆದುಕೊಂಡು, ಯಾರಿಗೂ ಅಲ್ಲದ ಹಾಗೆ, ಕನ್ನಡದಲ್ಲಿ ಅಂದರು: "ಅಕ್ಷರಾ ಕಲತಾಕಿ ಅದೀನಿ. ಹೆಬ್ಬಟ್ಟ ಯಾಕ ಒತ್ತಲಿ?"

ನಮಗೆ ಅರ್ಥವಾಯಿತು. ಚೆನ್ನಾಗಿ ಅರ್ಥವಾಯಿತು. ಆದರೂ ಅರ್ಥವಾಗದವರಂತೆ ಕೂತೆವು. ಏಕೆಂದರೆ ಹಿಂದೆ ಇಪ್ಪತ್ತು ಜನ ನಿಂತಿದ್ದರು. ಕೌಂಟರಿನಲ್ಲಿ ಕನ್ನಡದ ಒಂದು ಮಾತು ಬಾಯಿಂದ ಹೊರಬಿದ್ದರೆ ಯಾವ ಊರು, ಯಾರ ಮಗ, ಮದುವೆಯಾಗಿದೆಯೇ ಎಂದು ಕಾಲು ಗಂಟೆ ಹೋಗುತ್ತದೆಂಬುದು ನಮ್ಮ ಅನುಭವ. ಹಾಗಾಗಿ ನವೆಂಬರಿನಲ್ಲಿ ನಾವು ಕನ್ನಡವನ್ನು ಮನೆಯಲ್ಲಿಯೇ ಬಿಟ್ಟು ಬರುತ್ತಿದ್ದೆವು. ಇದನ್ನು ರಾಜ್ಯೋತ್ಸವದ ಸಭೆಯಲ್ಲಿ ಹೇಳುವುದು ಸುಖದ ಮಾತಲ್ಲ. ಆಕೆ ಫಾರಮನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಹೊರಟುಹೋದರು. "ನೆಕ್ಸ್ಟ್" ಎಂದೆವು.

ರಾತ್ರಿ ಊಟದ ಹೊತ್ತಿಗೆ ಈ ಪ್ರಸಂಗವನ್ನು ನಮ್ಮ ತಂದೆಯವರಿಗೆ ತಮಾಷೆಯಾಗಿ ಹೇಳಿದೆವು. ವತ್ತು ಜಾರಿದ ಮಾತಿಗೆ ಅವರು ನಗುತ್ತಾರೆಂದುಕೊಂಡಿದ್ದೆವು. ನಗಲಿಲ್ಲ. ನಮ್ಮ ತಂದೆಯವರು ಹದಿಮೂರನೆಯ ವಯಸ್ಸಿನಲ್ಲಿ ಕರಾವಳಿಯಿಂದ ಬಂದು ಇಲ್ಲಿನ ಒಂದು ಹೋಟೆಲಿನಲ್ಲಿ ಲೋಟ ತೊಳೆದವರು. ಈ ಸಭೆಯ ಹಿರಿಯರಲ್ಲಿ ಹಲವರ ಕಥೆಯೂ ಅದೇ. ರಾತ್ರಿ ಕನ್ನಡ ಶಾಲೆಯಲ್ಲಿ ಬೆಂಚಿನ ಮೇಲೆ ನಿದ್ದೆಯೊಂದಿಗೆ ಗುದ್ದಾಡಿ ಅಕ್ಷರ ಕಲಿತರು. ಅವರು ತಟ್ಟೆಯಿಂದ ಕೈ ತೆಗೆದು ಹೇಳಿದರು: "ಮೊದಲ ಐದು ತಿಂಗಳು ಸಂಬಳದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದೆ. ಆರನೆಯ ತಿಂಗಳು ಸಹಿ ಹಾಕಿದೆ. ಯಜಮಾನರು ಸಹಿಯನ್ನು ನೋಡಿದರು, ನನ್ನ ಮುಖವನ್ನು ನೋಡಿದರು. ಮಾರನೆಯ ದಿನದಿಂದ ಲೋಟ ತೊಳೆಯುವುದು ತಪ್ಪಿತು, ಟೇಬಲ್ ಒರೆಸಲು ಹಾಕಿದರು. ಮಾರಾಯಾ, ನಿನ್ನ ಬಿ.ಕಾಂ. ಶುರುವಾದದ್ದು ಅಲ್ಲಿಂದ." ಅಷ್ಟು ಹೇಳಿ ಮಜ್ಜಿಗೆ ಬಡಿಸಿಕೊಂಡರು. ನಮಗೆ ಮಜ್ಜಿಗೆ ಇಳಿಯಲಿಲ್ಲ.

ಮಾರನೆಯ ದಿನ ಮುದುಕಿ ಮತ್ತೆ ಬಂದರು. ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ, ಚೀಲದಿಂದ ಹಳೆಯ ಕ್ಯಾಲೆಂಡರಿನ ಒಂದು ಹಾಳೆಯನ್ನು ತೆಗೆದು ಕಂಡಿಯೊಳಗೆ ತೂರಿಸಿದರು. ಹಿಂಬದಿಯ ತುಂಬ ಅವರ ಹೆಸರು. ಮೇಲಿನಿಂದ ಕೆಳಗಿನವರೆಗೆ, ಸಾಲು ಸಾಲಾಗಿ, ಮಗು ಕಾಪಿ ಬರೆದ ಹಾಗೆ. ಮೊದಲ ಸಾಲುಗಳಲ್ಲಿ ವತ್ತು ಅಲೆದಾಡಿತ್ತು; ಕೆಳಗೆ ಇಳಿದಂತೆ ನಿಧಾನವಾಗಿ ತನ್ನ ಜಾಗಕ್ಕೆ ಬಂದಿತ್ತು. ರಾತ್ರಿಯೆಲ್ಲ ಬರೆದಿದ್ದರೆಂದು ಕಾಣುತ್ತದೆ.

ನಾವು ಎದ್ದು ನಿಂತು, "ಅಮ್ಮಾ, ಒಳಗೆ ಬನ್ನಿ, ಕೂತು ಸಹಿ ಮಾಡಿ" ಎಂದೆವು. ಕನ್ನಡದಲ್ಲಿ.

ಆಕೆ ನಮ್ಮನ್ನು ಗಾಜಿನಾಚೆಯಿಂದ ಒಂದು ಗಳಿಗೆ ನೋಡಿದರು. ಆಮೇಲೆ ಕೇಳಿದರು: "ನಿನ್ನಿ ಬರತಿದ್ದಿಲ್ಲೇನಪಾ ಕನ್ನಡಾ?"

ಹತ್ತು ವರ್ಷದ ನೌಕರಿಯಲ್ಲಿ ಇನ್‌ಸ್ಪೆಕ್ಷನ್ನಿನವರು ಬಂದು ನೂರಾರು ಪ್ರಶ್ನೆ ಕೇಳಿದ್ದಾರೆ. ಎಲ್ಲಕ್ಕೂ ಉತ್ತರ ಬರೆದಿದ್ದೇವೆ. ಇದಕ್ಕೆ ಬರೆಯಲಾಗಲಿಲ್ಲ. 'ನಾವು ವಿಷಾದಿಸುತ್ತೇವೆ' ಎಂದರೆ ಸಾಲದು. ಅಂದು ಮೊದಲ ಸಲ "ನಾನು ತಪ್ಪು ಮಾಡಿದೆ ಅಮ್ಮಾ" ಎಂಬ ಏಕವಚನ ನಮ್ಮ ಬಾಯಿಂದ ಹೊರಟಿತು. ವಯಸ್ಸಿನಿಂದ ಸಹಿ ಬದಲಾದರೆ ಗುರುತು ನೋಡಿ ಹೊಸ ಮಾದರಿ ಸಹಿ ತೆಗೆದುಕೊಳ್ಳಬಹುದು. ಇದು ಹಿಂದಿನ ದಿನವೂ ನಮಗೆ ಗೊತ್ತಿದ್ದ ಸಂಗತಿಯೇ. ತೆಗೆದುಕೊಂಡೆವು. ನಡುಗುವ ವತ್ತಿನ ಸಹಿಯೇ ಈಗ ನಮ್ಮ ಕಂಪ್ಯೂಟರಿನಲ್ಲಿದೆ. ಆಕೆಯ ಊರು ಯಾವುದು, ನಾವು ಯಾರ ಮಗ, ಮದುವೆಯಾಗಿದೆಯೇ ಎಂಬುದೆಲ್ಲ ಆಯಿತು. ಕಾಲು ಗಂಟೆಯಲ್ಲ, ಹನ್ನೊಂದು ನಿಮಿಷ. ನಮ್ಮ ಲೆಕ್ಕ ತಪ್ಪಿತ್ತು.

ಅಂದೇ ಸಂಜೆ ಒಂದು ಚೀಟಿಯ ಮೇಲೆ 'ಇಲ್ಲಿ ಕನ್ನಡ ಮಾತನಾಡುತ್ತೇವೆ' ಎಂದು ಬರೆದು ಗಾಜಿನ ಮೂಲೆಗೆ ಅಂಟಿಸಿದೆವು. ಮರುದಿನ ಒಬ್ಬ ಗೃಹಸ್ಥರು ಅದನ್ನು ತೆಲುಗೆಂದು ತಿಳಿದು ನಮ್ಮೊಡನೆ ಹತ್ತು ನಿಮಿಷ ತೆಲುಗಿನಲ್ಲಿ ಮಾತನಾಡಿ ಬಹು ತೃಪ್ತರಾಗಿ ಹೋದರು. ಮ್ಯಾನೇಜರು ಬಂದು ಇದೇನೆಂದು ಕೇಳಿದರು. ಹೇಳಿದೆವು. ಅವರು ಮರಾಠಿಯವರು, ಸ್ವಲ್ಪ ಯೋಚಿಸಿ, "ಸೂಚನೆ ಬರೆಯುವುದಾದರೆ ಕ್ರಮವಾಗಿ ಬರೆಯಬೇಕು" ಎಂದರು. ಕ್ರಮವೆಂದರೆ ಮೊದಲು ಮರಾಠಿ, ಆಮೇಲೆ ಹಿಂದಿ, ಆಮೇಲೆ ಇಂಗ್ಲಿಷು. ಹಾಗೆಯೇ ಬರೆದೆವು. 'ಇಲ್ಲಿ ಕನ್ನಡ ಮಾತನಾಡುತ್ತಾರೆ' ಎಂಬುದನ್ನು ಕನ್ನಡ ಬಾರದವರಿಗೂ ಮೂರು ಭಾಷೆಯಲ್ಲಿ ತಿಳಿಸಿ, ಕೊನೆಗೆ ಕನ್ನಡಿಗರಿಗೆ ಕನ್ನಡದಲ್ಲಿ ತಿಳಿಸಿದ್ದೇವೆ.

ಕನ್ನಡ ನಾಲ್ಕನೆಯ ಸಾಲಿಗೆ ಹೋಯಿತಲ್ಲ ಎಂದು ಯಾರೂ ನೊಂದುಕೊಳ್ಳಬೇಕಾಗಿಲ್ಲ. ತಮ್ಮ ಜೇಬಿನಲ್ಲಿ ನೋಟಿದ್ದರೆ, ರಾಜ್ಯೋತ್ಸವದ ವರ್ಗಣಿಗೆ ಕೊಟ್ಟ ಮೇಲೂ ಉಳಿದಿದ್ದರೆ, ಹಿಂಬದಿಯನ್ನು ತಿರುಗಿಸಿ ನೋಡಿ. ಹದಿನೈದು ಭಾಷೆಗಳಲ್ಲಿ ಅದರ ಬೆಲೆ ಬರೆದಿದೆ. ಅಸ್ಸಾಮಿ, ಬಂಗಾಳಿ, ಗುಜರಾತಿ, ಅನಂತರ ಕನ್ನಡ. ಅಲ್ಲಿಯೂ ನಾಲ್ಕನೆಯ ಸಾಲೇ. ಯಾವ ಸಾಲಿನಲ್ಲಿದ್ದರೂ ನೋಟಿನ ಬೆಲೆ ಒಂದೇ. ನೋಟನ್ನು ಎಣಿಸುವುದೇ ಕಸುಬಾದ ನಾವು ಎಷ್ಟು ವರ್ಷ ಆ ಸಾಲನ್ನು ಬೆರಳಿನಿಂದ ಸವರಿದೆವು; ಓದಿದ್ದು ಮಾತ್ರ ಆ ಕ್ಯಾಲೆಂಡರಿನ ಹಾಳೆ ಬಂದ ಮೇಲೆ.

ಆ ತಾಯಿ ಕಳೆದ ನವೆಂಬರಿನಲ್ಲಿಯೂ ಬಂದಿದ್ದರು. ಕ್ಷೇಮವಾಗಿದ್ದಾರೆ, ನಾವೇ ಪ್ರಮಾಣಪತ್ರ ದಾಖಲು ಮಾಡಿದ್ದೇವೆ. ಈ ತಿಂಗಳು ಮತ್ತೆ ಬರಬೇಕು. ಇನ್ನೂ ಬಂದಿಲ್ಲ, ಮೂವತ್ತನೆಯ ತಾರೀಖಿನವರೆಗೆ ಅವಕಾಶವಿದೆ. ದಿನವೂ ಸಾಲನ್ನು ನೋಡುತ್ತೇವೆ.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಅವರ ಹದಿನೈದು ನಿಮಿಷದ ಬಾಕಿ ತೀರಿತು, ಖಾತೆ ಚುಕ್ತಾ. ನಮ್ಮ ಹಿಂದೆ ಇನ್ನೂ ಭಾಷಣಕಾರರು ಸಾಲಾಗಿ ಕೂತಿದ್ದಾರೆ. ಕೊನೆಯದಾಗಿ ಒಂದು ವಿಜ್ಞಾಪನೆ. ತಮ್ಮಲ್ಲಿ ಯಾರ ಬಳಿಯಾದರೂ ಮುಚ್ಚಳವಿಲ್ಲದ ಪೆನ್ನುಗಳಿದ್ದರೆ ದಯವಿಟ್ಟು ತಂದುಕೊಡಿ. ಮುಚ್ಚಳ ಸಿದ್ಧವಾಗಿದೆ. ಕಾರಣ ಕೇಳುವುದಿಲ್ಲ, ಕೇಳಿದರೂ ಕನ್ನಡದಲ್ಲಿಯೇ ಕೇಳುತ್ತೇವೆ.